ನಡಾವಳಿ ಬರೆದವನ ಲೆಕ್ಕ

ಸಿದ್ದಾಪುರ, ಎಪ್ಪತ್ತೊಂದರ ನವೆಂಬರ್.
ಬೀರಾನನ ಚಹದಂಗಡಿಯ ಅಟ್ಟದಲ್ಲಿ
ಮೂರು ಯೂನಿಯನ್ನು, ಒಂದು ಲಾಟೀನು.
ಅಕ್ಷರ ಬರುತ್ತಿತ್ತೆಂಬ ತಪ್ಪಿಗೆ
ನಡಾವಳಿ ಪುಸ್ತಕ ನನ್ನ ಮಡಿಲಿಗೆ ಬಿತ್ತು.

ಕೆಳಗೆ ಸಕ್ಕರೆ ಮೂಟೆಯ ಪಕ್ಕ ಕಂಬಳಿಗಳು,
ವರ್ಷಕ್ಕೊಂದರಂತೆ ಎಸ್ಟೇಟು ಕೊಡುವ ಕರಿ ಕಂಬಳಿ;
ಹೊಗೆಸೊಪ್ಪು, ಸೌದೆಹೊಗೆ, ಮಕ್ಕಳ ಉಚ್ಚೆ
ಯಾವುದನ್ನೂ ಒಗೆದು ತೆಗೆಯಲಾಗಿರಲಿಲ್ಲ.
ಗಡಿ ದಾಟಿ ಬಂದ ಬಂಗಾಳದವರಿಗೆಂದು
ಲೈನಿನಿಂದ ಲೈನಿಗೆ ನಡೆದು ಕೂಡಿಸಿದ್ದು
ಇನ್ನೂರ ಹನ್ನೆರಡು. ಮೂರು ಸಲ ಎಣಿಸಿದ್ದೆ.

ಐತಪ್ಪ ಹೇಳಿದ:
ತಹಸೀಲ್ದಾರರ ಕಮಿಟಿಗೆ ಕೊಟ್ಟುಬಿಡುವ,
ಲಾರಿ ಅವರದ್ದು, ಡೀಸೆಲ್ಲೂ ಅವರದ್ದು.
ಪೋಕರ್ ಎದ್ದು ನಿಂತ, ಮಾಡಿಗೆ ತಲೆ ತಾಗಿತು:
ಆ ಕಮಿಟಿಯ ಅಧ್ಯಕ್ಷ ಯಾರು ಮಾರಾಯ?
ನಮ್ಮ ಬೋನಸ್ಸಿಗೆ ಕಲ್ಲು ಹಾಕಿದ ದೊರೆ.
ನಾವು ಹೊದ್ದದ್ದನ್ನು ಅವನು ಕೊಟ್ಟ ಅಂತ
ಪೇಪರಿನಲ್ಲಿ ಬರಬೇಕಾ?
ಕಲ್ಕತ್ತೆಯಲ್ಲಿ ನಮ್ಮ ಸಂಗಾತಿಗಳಿದ್ದಾರೆ, ನೇರ ಅಲ್ಲಿಗೆ.
ನಿಮ್ಮ ಸಂಗಾತಿಗಳು ಒಡೆದು ಎಷ್ಟು ಹೋಳು?
ಯಾವ ಹೋಳಿಗೆ?

ಆರೋಕ್ಯಸಾಮಿ ಬೀಡಿ ಆರಿಸಿದ.
ಸಿಲೋನಿನ ಹಡಗಿಳಿದು ಮಂಡಪಂ ಕ್ಯಾಂಪಿನಲ್ಲಿ
ಮೂರು ತಿಂಗಳು ಇದ್ದವನು.
ನನಗೆ ಕೊಟ್ಟ ಚಾದರ ಯಾರದ್ದೋ, ನೆನಪಿಲ್ಲ.
ತೆಳ್ಳಗಿತ್ತು. ಅದು ನೆನಪಿದೆ.
ಹೀಗೆಂದವನೇ ಸ್ವಲ್ಪ ಹೊತ್ತಿಗೆ,
ಹೆಚ್ಚು ಕೊಟ್ಟದ್ದು ನಮ್ಮ ಜನ,
ಚೀಟಿಯ ಮೇಲೆ ಮೊದಲು ನಮ್ಮ ಮೊಹರು ಬೀಳಲಿ, ಅಂದ.

ಕೆಳಗಿಂದ ಪಿಂಚಣಿಯ ಹವಾಲ್ದಾರ್ ಮೊಣ್ಣಪ್ಪನ ದನಿ:
ಗಡಿಯಲ್ಲಿರುವ ನಮ್ಮ ಹುಡುಗರಿಗೆ ಚಳಿ ಇಲ್ಲವೇನ್ರೋ?
ಎಲ್ಲರೂ ಸುಮ್ಮನಾದರು.
ಆಮೇಲೆ ಅದರ ಮೇಲೂ ಜಗಳ.

ಡಿಸೆಂಬರಿನಲ್ಲಿ ಬಾಂಬು ಬಿತ್ತು, ಬಂಗಲೆಯಿಂದ ಚೀಟಿ ಬಂತು:
ಯುದ್ಧ ಮುಗಿಯುವ ತನಕ ಮುಷ್ಕರದ ಮಾತು ಬೇಡ.
ಒಬ್ಬ ಸಹಿ ಹಾಕಿದ. ಒಬ್ಬ ಹಾಕಲಿಲ್ಲ.
ಇನ್ನೊಬ್ಬ ಹಾಕಿ ಹೊಡೆದುಹಾಕಿದ.
ಮರುದಿನದಿಂದ ಮೂವರಿಗೂ
ಬೀರಾನ ಬೇರೆ ಬೇರೆ ಬೆಂಚು ಇಡಬೇಕಾಯಿತು.

ಕಾಯಿ ಕೊಯ್ಲು ಜೋರು. ರಾತ್ರಿ ಹಲ್ಲು ಕಟಕಟ ಚಳಿ.
ಪಣಿಎರವರ ಚೋಮಿ ಹಿಂಬಾಗಿಲಲ್ಲಿ:
ರೈಟರೇ, ಮಗಳು ಹಡೆದಳು.
ನನ್ನದು ಯಾವುದೆಂದು ಗೊತ್ತು,
ಮೂಲೆಯಲ್ಲಿ ಕೆಂಡ ಸುಟ್ಟ ತೂತಿದೆ.

ಯಾವ ಠರಾವಿನಲ್ಲೂ ಇದಕ್ಕೆ ಜಾಗ ಇರಲಿಲ್ಲ.
ಲಾಟೀನು ಎತ್ತಿ ಹಿಡಿದೆ.
ಅವಳು ಒಂದೊಂದರ ಮೂಲೆಯನ್ನೂ
ಹೆಬ್ಬೆರಳಿನಿಂದ ಓದುತ್ತ ಹೋದಳು.

ಹದಿಮೂರು ದಿನಕ್ಕೆ ಯುದ್ಧ ಮುಗಿಯಿತು,
ಅಟ್ಟದ್ದು ಮುಗಿಯಲು ಸಂಕ್ರಾಂತಿ ಕಳೆಯಬೇಕಾಯಿತು.
ಮೂರು ಹಗ್ಗ, ಮೂರು ಚೀಟಿ, ಒಂದು ಬಾಡಿಗೆ ಲಾರಿ,
ಮೈಸೂರಿನ ಗೂಡ್ಸ್ ಶೆಡ್ಡು.

ರಶೀದಿ ಮಾರ್ಚಿಯಲ್ಲಿ ಬಂತು, ಬಂಗಾಳಿಯಲ್ಲಿ.
ತಲೆಕೆಳಗೆ ಮಾಡಿದರೂ ಅರ್ಥವಾಗಲಿಲ್ಲ.
ಅಂಕಿಯೊಂದು ಮಾತ್ರ ಗುರುತು ಸಿಕ್ಕಿತು:
ಇನ್ನೂರ ತೊಂಬತ್ತೊಂಬತ್ತು.
ಕಳಿಸಿದ್ದಕ್ಕಿಂತ ಎಂಬತ್ತೆಂಟು ಹೆಚ್ಚು!
ಗುಟ್ಟಾಗಿ ಇನ್ನೊಂದು ಗಂಟು ಕಳಿಸಿದ್ದು ನಾವೇ, ಎಂದ ಐತಪ್ಪ.
ನಾವು, ಎಂದ ಪೋಕರ್.
ಆರೋಕ್ಯಸಾಮಿ ಏನೂ ಹೇಳದೆ ನಕ್ಕ,
ಅದು ಎರಡಕ್ಕಿಂತಲೂ ದೊಡ್ಡ ಸುಳ್ಳು.

ಏಪ್ರಿಲಿನಲ್ಲಿ ಹವಾಲ್ದಾರರ ಮಗ ರಜೆಗೆ ಬಂದ,
ಜೆಸ್ಸೋರಿನ ಕಡೆ ಇದ್ದವನು, ಒಂದು ಕಿವಿ ಮಂದ.
ಚಹದ ಲೋಟ ಕೆಳಗಿಟ್ಟು ಚೀಟಿ ನೋಡಿದ:
ಇದು ಒಂಬತ್ತಲ್ಲ. ಅವರ ಒಂದು ಹೀಗೇ ಇರುತ್ತದೆ,
ತಲೆ ದಪ್ಪ, ಬಾಲ ಸಣ್ಣ.

ಇಲ್ಲದ ಎಂಬತ್ತೆಂಟು ಕಂಬಳಿ
ಮೂರೂ ಹೆಗಲಿನಿಂದ ಒಟ್ಟಿಗೆ ಜಾರಿದವು.
ಯಾರೋ ಪುಸ್ತಕ ತಿರುವಿದರು:
ಇಲ್ಲಿ ಹನ್ನೆರಡು ಅಂತಿದೆಯಲ್ಲ? ಅಲ್ಲಿ ಹನ್ನೊಂದು?
ಇಲಿ, ಅಂದೆ.
ಇಲಿಯೇ ಇರಬೇಕು, ಎಂದರು ಮೂವರೂ.
ಇಡೀ ಪುಸ್ತಕದಲ್ಲಿ ಸರ್ವಾನುಮತದ ಠರಾವು ಅದೊಂದೇ.

ಇಲಿಗೆ ಆಗ ನಾಲ್ಕು ತಿಂಗಳು.
ಕಣದ ಬದಿಯ ನೆರಳಿನಲ್ಲಿ ಮಲಗಿ
ತೂತಿನೊಳಗೆ ಬೆರಳು ತೂರಿಸಿ
ಹೊರಗೆ ಬಂದದ್ದನ್ನು ನೋಡುತ್ತಿತ್ತು.